ಕೋವಿ ಚಂದಯ್ಯ ಸಂಘ ಸೇರಿದ್ದು

ಚಂದಯ್ಯ: ನನ್ನ್ ರುಜು ಸಿಕ್ಕುದಿಲ್ಲ ಅಂದ್ರೆ ಸಿಕ್ಕುದಿಲ್ಲ, ಅಣ್ಣಯ್ಯ! ಜನಕ್ಕೆ ಕೋವಿ ಹಿಡುಕೆ ಕಲ್ಸುವ ಸಂಘ ಅಂಬ್ರ್. ಹ್ವಾದ ಆಯ್ತಾರ ನಿಮ್ಮ್ ಕೋವಿ ಮೇಷ್ಟ್ರು ಖಾಲಿ ಕೋವಿ ಅಂದ್ಹೇಳಿ ಎತ್ತಿ ಎಂತ ಹೊಡ್ದದ್ದ್?

ಅಣ್ಣಯ್ಯ: ಅಧ್ಯಕ್ಷರ ಹಟ್ಟಿ ಮಾಡಿನ ಹಂಚ್. ಒಂದೇ ಹಂಚ್ ಮರಾಯಾ, ಅದೂ ಮೊದ್ಲೇ ಸೋರ್ತಿದ್ದದ್ದ್.

ಅಣ್ಣಯ್ಯ ತ್ರಾಸಿ ಊರ ಕಡೆಯ ಕೋವಿದಾರರ ಸಂಘದ ಕಾರ್ಯದರ್ಶಿ. ಬೆಳೆ ಕಾಯುವ ಕೋವಿಗಳ ಲೈಸೆನ್ಸಿಗಾಗಿ ತಾಲೂಕು ಕಚೇರಿಗೆ ಅಲೆಯುವುದು, ಭಾನುವಾರ ಕೋವಿ ಪಾಠ ಹೇಳುವುದು, ಇವೆರಡು ಸಂಘದ ಕೆಲಸ. ಎರಡೂ ಅರೆಬೆಂದದ್ದೇ. ಸಂಘದ ಪುಸ್ತಕವನ್ನು ಚಂದಯ್ಯನವರ ಜಗಲಿಯ ಮೇಲೆ ಬಿಡಿಸಿಟ್ಟು ಅವರು ಬೆಳಗಿನಿಂದ ಕುಳಿತಿದ್ದರು.

ಚಂದಯ್ಯನವರ ಒಳಗಿನ ಕಳವಳವೇ ಬೇರೆ. ಸಂಘ ಸೇರಿದವರು ಎಲ್ಲರೆದುರು ಒಂದು ಗುಂಡು ಹಾರಿಸಿ ತೋರಿಸಬೇಕೆಂದು ನಿಯಮವಿತ್ತು. ಊರಿಗೆ ಊರೇ 'ಕೋವಿ ಚಂದಯ್ಯ' ಎಂದು ಕರೆಯುವ ಈ ಮನುಷ್ಯ ನಲವತ್ತೆಂಟು ವರ್ಷದಲ್ಲಿ ಬೇಕೆಂದು ಒಂದು ಗುಂಡನ್ನೂ ಹಾರಿಸಿದವರಲ್ಲ. ಸೋದರಮಾವನಿಂದ ಬಂದ ಕೋವಿಗೆ ಆಯುಧಪೂಜೆಯ ದಿನ ಕುಂಕುಮ ಹಚ್ಚುವಾಗ ಅವರ ಕೈ ನಡುಗುತ್ತಿತ್ತು. ಜನ ಅದನ್ನು ಭಕ್ತಿ ಎಂದುಕೊಂಡಿದ್ದರು.

ಅವರ ಹೆಂಡತಿ ರಾಜೀವಿ ಬೆಲ್ಲ, ನೀರು ತಂದಿಟ್ಟರು.

ರಾಜೀವಿ: ಹ್ವಾಯ್, ಸೇರಿ ಅಂಬೆ ನಾನ್. ಗೆಣ್ಸಿನ ಗದ್ದಿ ಪೂರಾ ಹಂದಿ ಉತ್ತ್ ಹಾಕಿತ್. ಲೈಸೆನ್ಸ್ ಮುಗುಕೆ ಎಂಟೇ ದಿನ. ಸಂಘದ ಚೀಟಿ ಇಲ್ದೆ ಹೋರೆ ಕೋವಿ ಠಾಣಿಗೆ ಕೊಟ್ಟ್ ಬರ್ಕ್.

ಚಂದಯ್ಯ: ಕೊಟ್ಟ್ರೆ ಕೊಟ್ಟೆ! ಅಧ್ಯಕ್ಷರಿಗೆ ಕಣ್ಣಿಲ್ಲ, ಮೇಷ್ಟ್ರಿಗೆ ಬುದ್ಧಿ ಇಲ್ಲ, ಕಾರ್ಯದರ್ಶಿಗೆ ಕೋವಿಯೇ ಇಲ್ಲ. ಅದೂ ಒಂದ್ ಸಂಘವಾ?

ಅಣ್ಣಯ್ಯ: ಅದ್ಕೇ ಅಲ್ದಾ ನನ್ನ್ ಕಾರ್ಯದರ್ಶಿ ಮಾಡದ್ದ್? ನನ್ನ್ ಕೈಯಲ್ಲಿಪ್ಪುದ್ ಪುಸ್ತಕ. ಅದ್ ಢಂ ಅಂದ್ ಹೊಟ್ಟುದಿಲ್ಲ.

ರಾಜೀವಿ: ಸಂಘ ಸಮ ಆಯ್ಲಿ ಅಂದ್ಹೇಳಿ ನೀವ್ ಕಾದ್ರೂ ಹಂದಿ ಕಾಯುದಿಲ್ಲ.

ಅಣ್ಣಯ್ಯ: ಹಂಚ್ ಒಡ್ದ ಮೇಲೆ ಮೇಷ್ಟ್ರು ಬಿಟ್ಟ್ ಹ್ವಾದ್ರ್. ನಾನ್ ಬಂದದ್ದ್ ಬರೀ ರುಜುವಿಗಲ್ಲ ಮರಾಯಾ. ಸಭೆಯಲ್ಲಿ ಎಲ್ರೂ ಒಂದೇ ಬಾಯಲ್ಲಿ ಅಂದ್ರ್, ಕೋವಿ ಚಂದಯ್ಯನೇ ಕಲ್ಸುಕೆ ಬರ್ಕ್ ಅಂದ್. ಎಂಟ್ ವರ್ಷದ್ ಹಿಂದೆ ಅಷ್ಟ್ ದೊಡ್ಡ್ ಹಂದಿನ ಒಂದೇ ಗುಂಡಿಗೆ ಕೆಡುಗ್ದವ್ರ್ ಬೇರೆ ಯಾರಿದ್ರ್?

ಚಂದಯ್ಯನವರು ಬಾಯಿಗೆ ಒಯ್ದಿದ್ದ ಬೆಲ್ಲವನ್ನು ಹಿಂದಿಟ್ಟರು. ಆ ಹಂದಿಗೆ ಗುದ್ದಿದ್ದು ಕುಂದಾಪುರದ ಕಡೆ ಹೋಗುತ್ತಿದ್ದ ಮೀನಿನ ಲಾರಿ. ಅದು ಢಂ ಎಂದು ಹೊಗೆ ಉಗುಳಿ ನಿಲ್ಲದೆ ಹೋಯಿತು. ಜನ ಓಡಿ ಬಂದಾಗ ರಸ್ತೆಯಲ್ಲಿದ್ದದ್ದು ಸತ್ತ ಹಂದಿ, ಮತ್ತು ಲೈಸೆನ್ಸಿಗಾಗಿ ಠಾಣೆಯಲ್ಲಿ ಕೋವಿ ತೋರಿಸಿ, ಅದನ್ನು ಹೆಗಲಿಗೇರಿಸಿ ಮನೆಗೆ ಮರಳುತ್ತಿದ್ದ ಚಂದಯ್ಯ. ಹೊಡೆದವನಿಗೆ ಹಂದಿಯ ತಲೆ ಎಂಬುದು ಊರ ಕಟ್ಟಳೆ. ಅವರು ಬಾಯಿ ಬಿಡುವಷ್ಟರಲ್ಲಿ ತಲೆ ಮನೆ ಸೇರಿತ್ತು. ತಲೆ ತಿಂದ ಬಾಯಲ್ಲಿ ಮತ್ತೆ ಸತ್ಯ ಹೊರಡಲಿಲ್ಲ.

ರಾಜೀವಿ: ಹೇಳಿ ಬಿಡಿ.

ಚಂದಯ್ಯ: ಎಂತ ಹೇಳುದ್?

ರಾಜೀವಿ: ಆ ತಲಿ ತೊಳ್ದ್, ಹೆಚ್ಚಿ, ಬೇಯ್ಸದ್ದ್ ನಾನ್. ಮೈ ಪಾಲ್ ಮಾಡ್ದರ್ ಗುಂಡ್ ತಲಿಯಲ್ಲಿತ್ತ್ ಅಂದ್ಕಂಡ್ರ್. ತಲಿಯಲ್ಲಿ ಹುಡ್ಕಿ ಹುಡ್ಕಿ ನಂಗೆ ಸಾಕಾಯ್ತ್.

ಚಂದಯ್ಯ: ಎಂಟ್ ವರ್ಷ ನೀನ್ ಎಂತಕೆ ಬಾಯಿ ಬಿಡ್ಲಿಲ್ಲ?

ರಾಜೀವಿ: ಆ ತಲಿ ಸಾರ್ ನಾನೂ ಉಂಡಿದ್ನಲೆ!

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

ಚಂದಯ್ಯ: ಹೌದ್ ಅಣ್ಣಯ್ಯ, ಹಂದಿ ಕೊಂದದ್ದ್ ಮೀನಿನ ಲಾರಿ. ನಾನ್ ಹದ್ನಾಲ್ಕ್ ವರ್ಷದ್ ಮಾಣಿ ಇಪ್ಪತಿಗೆ ಮಾವನ ಕೋವಿ ಖಾಲಿ ಅಂದ್ಹೇಳಿ ಮುಟ್ಟಿದೆ. ಅದ್ ಢಂ ಅಂದ್ ಹೊಟ್ಟಿ ಮಾವ ಕೂತಿದ್ದ ಕುರ್ಚಿ ಕಾಲ್ ಹಾರಿ ಹೋಯ್ತ್. ಒಂದ್ ಗೇಣ್ ಮೇಲೆ ಹೋಗಿದ್ರೆ ಮಾವನೇ ಇರ್ತಿರ್ಲಿಲ್ಲ. ಅವತ್ತಿಂದ ಗುಂಡ್ ಇದ್ದ್ರೂ ಹೆದ್ರಿಕೆ, ಇಲ್ದಿದ್ರೂ ಹೆದ್ರಿಕೆ. ನಿನ್ನ್ ಸಂಘ ಟೊಳ್ಳ್ ಅಲ್ಲ ಮರಾಯಾ, ನಾನೇ ಟೊಳ್ಳ್.

ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಆದರೂ ಎಂಟು ವರ್ಷ ಹೊತ್ತ ಹಂದಿ ಹೆಗಲಿಂದ ಇಳಿದ ಹಾಗೆ ಮನಸ್ಸು ಹಗುರವಾಯಿತು. ಅಣ್ಣಯ್ಯ ಪುಸ್ತಕ ಎಳೆದುಕೊಂಡು ಬರೆಯತೊಡಗಿದರು.

ಚಂದಯ್ಯ: ನನ್ನ್ ಹೆಸ್ರ್ ಹೊಡ್ದ್ ಹಾಕ್ತ್ಯಾ?

ಅಣ್ಣಯ್ಯ: ಇಲ್ಲ. 'ಕೋವಿ ಮೇಷ್ಟ್ರು, ಚಂದಯ್ಯ' ಅಂದ್ ಬರೀತಿದ್ದೆ. ಗುರಿ ಕಲ್ಸುವರ್ ನಮ್ಮಲ್ಲಿ ಬೇಕಾದಷ್ಟ್ ಜನ ಇದ್ರ್. ಹೆದ್ರುಕೆ ಕಲ್ಸುವರೇ ಇರ್ಲಿಲ್ಲ.

ಚಂದಯ್ಯ: ಎಲ್ಲರೆದ್ರ್ ಒಂದ್ ಗುಂಡ್ ಹಾರ್ಸ್ಕಲೆ?

ಅಣ್ಣಯ್ಯ: ಅದ್ ಕಲಿವರಿಗೆ. ಮೇಷ್ಟ್ರಿಗೆ ಎಂತ ಪರೀಕ್ಷಿ?

ಚಂದಯ್ಯನವರು ಪುಸ್ತಕ ತಮ್ಮ ಕಡೆ ತಿರುಗಿಸಿ ರುಜು ಹಾಕಿದರು.

ರಾಜೀವಿ: ಅಣ್ಣಯ್ಯ, ಒಂದ್ ಮಾತ್. ಇನ್ನೊಂದ್ ಹಂದಿ ಬಿದ್ರೆ ತಲಿ ನಮ್ಮನಿಗೆ ತರ್ಬೇಡಿ. ಲಾರಿ ಡ್ರೈವರನ ಮನಿ ಎಲ್ಲಿ ಅಂದ್ ಮೊದ್ಲ್ ಹುಡ್ಕಿ.