ಹೆಗ್ಗಣದ ಮುಂಗಾಲು, ನಮ್ಮ ಕಂಪೌಂಡ್ ಗೋಡೆ

ಶತ್ರುವನ್ನು ಚೆನ್ನಾಗಿ ಅಭ್ಯಾಸ ಮಾಡಬೇಕು ಎನ್ನುತ್ತಾರೆ. ಹಾಗೆ ಅಭ್ಯಾಸ ಮಾಡುತ್ತಾ ಮಾಡುತ್ತಾ ಅವನ ಮೇಲೆ ಅಭಿಮಾನವೇ ಹುಟ್ಟಿಬಿಟ್ಟರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಕುಷ್ಟಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ನಮ್ಮ ಹಿತ್ತಲಿನ ಹೆಗ್ಗಣದ ವಿಷಯದಲ್ಲಿ ಆದದ್ದು ಇದೇ. ಅದು ಬಚ್ಚಲ ಪಕ್ಕದಲ್ಲಿ ಬಿಲ ತೋಡಿ ದಿನಾ ಬೆಳಿಗ್ಗೆ ಬುಟ್ಟಿಗಟ್ಟಲೆ ಮಣ್ಣು ಹೊರಗೆ ಹಾಕುತ್ತಿತ್ತು. ನನ್ನ ಹೆಂಡತಿ ಸುಮಂಗಲಾ ಅದನ್ನು ಗುಡಿಸುತ್ತಿದ್ದಳು. ನಾನು ಚಹಾ ಕುಡಿಯುತ್ತಾ ವಿವರಿಸುತ್ತಿದ್ದೆ.

“ಅದರ ಮುಂಗಾಲು ಗಿಡ್ಡ ಇರ್ತಾವ, ಆದ್ರ ಭಾಳ ಗಟ್ಟಿ. ಉಗುರಂದ್ರ ಥೇಟ್ ಗುದ್ದಲಿ. ಮೊಣಕೈ ಎಲುಬು ಹಿಂದಕ್ಕ ಚಾಚಿರ್ತೈತಿ, ಹಾರಿ ಹಾಕಿ ಮೀಟಿದಂಗ ಮಣ್ಣು ಮೀಟ್ತೈತಿ. ಮುಂಗಾಲು ಕೆದರಿದ್ದನ್ನ ಹಿಂಗಾಲು ಹಿಂದಕ್ಕ ಒದೀತಾವ. ಗುದ್ದಲಿ, ಹಾರಿ, ಸಲಿಕಿ ಎಲ್ಲಾ ಮೈಯಾಗ ಐತಿ ನೋಡು!”

“ಅದಕ್ಕ ಅಷ್ಟೆಲ್ಲಾ ಐತಿ. ನಿಮ್ಮ ಕೈಗೆ ಏನು ಧಾಡಿ ಆಗೇತ್ರಿ?” ಎಂದಳು.

ಮರುದಿನ ಅಡಿಯ ಮಣ್ಣು ಟೊಳ್ಳಾಗಿ ಬಟ್ಟೆ ಒಗೆಯುವ ಕಲ್ಲು ಒಂದು ಬದಿ ಕುಸಿದು, ಅವಳು ಒದ್ದೆ ಬಟ್ಟೆಯ ಬುಟ್ಟಿ ಸಮೇತ ಜಾರಿ ಬಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಪ್ರಾಣಿಶಾಸ್ತ್ರ ನಿಂತಿತು. ಭಾನುವಾರ ಹಾರೆ ಹಿಡಿದು ನಾನೇ ಹಿತ್ತಲಿಗಿಳಿದೆ.

ನಮ್ಮದು ಗರಸು ನೆಲ. ಹಾರೆ ಹಾಕಿದರೆ ನೆಲಕ್ಕೆ ಏನೂ ಆಗುವುದಿಲ್ಲ, ಭುಜ ಮಾತ್ರ ಝುಂ ಎನ್ನುತ್ತದೆ. ಅಂಗೈ ತುಂಬ ಬೊಬ್ಬೆ ಎದ್ದವು. ಬಿಲವೋ, ಸೀದಾ ಪಕ್ಕದ ಮನೆಯ ಶೇಖರಪ್ಪನವರ ಕಡೆಯ ಕಂಪೌಂಡ್ ಗೋಡೆಯ ಬುಡಕ್ಕೆ ತಿರುಗಿತ್ತು. ಕಾಳಿನ ವ್ಯಾಪಾರಿಗಳಾದ ಅವರಿಗೂ ನನಗೂ ಆ ಗೋಡೆ ಯಾರ ಜಾಗದಲ್ಲಿದೆ ಎಂದು ಮೊದಲಿನಿಂದಲೂ ತಕರಾರು. ಸದ್ದು ಕೇಳಿ ಅವರು ಇಣುಕಿದರು.

“ಏನ್ ಹುಡುಕಾಕತ್ತೀರಿ ಸರ?”

“ಹೆಗ್ಗಣರಿ.”

ಶೇಖರಪ್ಪನವರ ಊರು ಇಟಗಿ. ಅಲ್ಲಿನ ಚಾಲುಕ್ಯರ ಕಾಲದ ಗುಡಿ ನೋಡುತ್ತಾ ಬೆಳೆದ ಅವರಿಗೆ, ಎಲ್ಲಿ ಅಗೆದರೂ ಆ ಕಾಲದ ಬಂಗಾರದ ಕೊಪ್ಪರಿಗೆಯೇ ಸಿಗುತ್ತದೆಂಬ ನಂಬಿಕೆ. “ಹೆಗ್ಗಣಕ್ಕ ಇಷ್ಟು ಬೆವರು ಸುರಿಸಾವ್ರನ್ನ ನಾ ನೋಡಿಲ್ರಿ. ಖರೇ ಹೇಳ್ರಿ, ಸಿಕ್ಕಿದ್ರಾಗ ಅರ್ಧಾ ನಮಗ,” ಎಂದರು.

ನಾನು ಹೆಗ್ಗಣದ ಮೊಣಕೈ, ಭುಜದ ಸ್ನಾಯು ಎಲ್ಲವನ್ನೂ ಸಾವಕಾಶ ತಿಳಿಸಿ ಹೇಳಿದೆ. ಆಮೇಲೆ ಗೋಡೆಯಾಚೆ ಅವರು ಹೆಂಡತಿಗೆ ಪಿಸುಗುಟ್ಟಿದ್ದು ಕೇಳಿಸಿತು: “ಹೆಗ್ಗಣದ ಮೊಣಕೈ ಬಗ್ಗೆ ಇಷ್ಟು ಮಾತಾಡ್ತಾರಂದ್ರ, ಭಾರೀ ಏನೋ ಮುಚ್ಚಿಡಾಕತ್ತಾರ.”

ಸ್ವಲ್ಪ ಹೊತ್ತಿಗೆ ಆ ಕಡೆಯಿಂದಲೂ ಹಾರೆಯ ಸದ್ದು ಶುರುವಾಯಿತು.

ಆಗಲಾದರೂ ನಾನು ನಿಲ್ಲಿಸಬೇಕಿತ್ತು. ಆದರೆ ನನಗೇ ಅನುಮಾನ ಹತ್ತಿತು. ಲಾಭವಿಲ್ಲದೆ ಎದ್ದು ನಿಲ್ಲದ ಈ ವ್ಯಾಪಾರಿ ಸುಮ್ಮನೆ ಅಗೆಯುತ್ತಾರೆಯೇ? ಅವರಿಗೆ ಏನೋ ಗೊತ್ತಿರಬೇಕು! ಬೊಬ್ಬೆ ಮರೆತು ನಾನೂ ಜೋರಾಗಿ ಹಾರೆ ಹಾಕಿದೆ. ಅವರು ಕೆಮ್ಮಿದರೆ, ಕೊಪ್ಪರಿಗೆ ಸಿಕ್ಕಿತೇನೋ ಎಂದು ನಾನು ಗೋಡೆಗೆ ಕಿವಿ ಹಚ್ಚುತ್ತಿದ್ದೆ. ನಾನು ದಣಿವಾರಿಸಿಕೊಳ್ಳಲು ನಿಂತರೆ ಅವರು ಎಗರಿ ಎಗರಿ ನೋಡುತ್ತಿದ್ದರು.

“ಗೋಡಿ ವಾಲಾಕತ್ತೈತಿ, ಹಿಂದಕ್ಕ ಬರ್ರಿ!” ಎಂದು ಸುಮಂಗಲಾ ಕೂಗಿದಳು. ನಾವಿಬ್ಬರೂ ಹಾರೆ ಬಿಸಾಕಿ ಓಡಿದೆವು. ಗೋಡೆ ನಿಧಾನವಾಗಿ ಮಲಗಿತು. ಧೂಳು ಇಳಿದಾಗ ನಾನೂ ಶೇಖರಪ್ಪನವರೂ ಎದುರುಬದುರು ನಿಂತಿದ್ದೆವು, ಇಬ್ಬರ ಮೈಯೂ ಕೆಂಪು ಮಣ್ಣು. ಹೆಗ್ಗಣ ಇಟ್ಟಿಗೆಗಳ ಸಂದಿಯಿಂದ ಹೊರಬಂದು, ಯಾವ ಅವಸರವನ್ನೂ ತೋರದೆ ಗಟಾರದ ಕಡೆ ಹೋಯಿತು. ಬಿಲದಲ್ಲಿ ಸಿಕ್ಕಿದ್ದು ಅರ್ಧ ತೆಂಗಿನ ಚಿಪ್ಪು, ನಮ್ಮ ಮನೆಯ ಒಂದು ಸಾಬೂನು.

“ಸಾಬೂನು ನೀವ ಇಟ್ಕೋರಿ,” ಎಂದು ಶೇಖರಪ್ಪನವರು ಸೊಂಟ ಹಿಡಿದುಕೊಂಡು ಒಳಗೆ ಹೋದರು.

ಮರುದಿನ ಗೋಡೆ ಕಟ್ಟಲು ಬಂದ ಗೌಂಡಿ, ನಾನು ಎದುರಿಗೆ ನಿಂತಿದ್ದಾಗಲೇ, ತಗ್ಗನ್ನು ಇಣುಕಿ ನೋಡಿ ಗಾಬರಿಯಾದ. “ಅಬಾಬಾ! ಪಾಯಾನ ಕಿತ್ತು ಹಾಕ್ಯಾವಲ್ರೀ ಅಕ್ಕಾರ! ಎಷ್ಟು ಹೆಗ್ಗಣ ಅದಾವ್ರಿ ಇಲ್ಲೆ?”

“ಎರಡು ದೊಡ್ಡವು ಅದಾವಪಾ,” ಎಂದಳು ಸುಮಂಗಲಾ. “ಒಂದು ಆ ಮನಿಯಾಗ ಸೊಂಟಕ್ಕ ಎಣ್ಣಿ ಹಚ್ಚಿಸ್ಕೊಳ್ಳಾಕತ್ತೈತಿ. ಇನ್ನೊಂದು ನಿನ್ನ ಮುಂದನ ನಿಂತೈತಿ.”

ಯಾರ ಬಗ್ಗೆ ಹೇಳುತ್ತಿದ್ದಾಳೆಂದು ನಾನು ಹಿಂದೆ ತಿರುಗಿ ನೋಡಿದೆ.