ಕ್ಯಾಪ್ಟನ್ನಿನ ಹಿಂಗಾಲು

“ತಲೆ ಅಲ್ಲ ಆಂಟಿ, ಸೊಂಟ ಹಿಡ್ಕೊಳ್ಳಿ, ಸೊಂಟ!”

“ಯಾರ ಸೊಂಟ? ನಂದೇ ಇಲ್ಲಿ ಬಿದ್ದು ಹೋಗ್ತಾ ಇದೆ!”

ಕಂಬಳಿಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಪಕ್ಕದ ಮನೆ ಆಂಟಿಯ ಕೈಯಲ್ಲಿ, ನಡುವೆ ದಢೂತಿ ಕರಿನಾಯಿ. ಮೆಟ್ಟಿಲಿನ ತಿರುವಿನಲ್ಲಿ ಮೂವರೂ ಹಳೇ ಸೋಫಾದ ಹಾಗೆ ಸಿಕ್ಕಿಹಾಕಿಕೊಂಡಿದ್ದರು. ಅವರಲ್ಲಿ ನಿರಾಳವಾಗಿದ್ದದ್ದು ನಾಯಿಯೊಂದೇ. ಹಿಂದಿನ ಬಲಗಾಲನ್ನು ಗಾಳಿಯಲ್ಲೆತ್ತಿ, ಪಂದ್ಯದಲ್ಲಿ ಗೆದ್ದ ಕಪ್ ತೋರಿಸುವವರ ಹಾಗೆ ಎಲ್ಲರಿಗೂ ತೋರಿಸುತ್ತಿತ್ತು.

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ, ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಬೀದಿಯವರೆಲ್ಲ ಅವನನ್ನು ಕರೆಯುವುದೂ ಕನ್ನಡಕದವನು ಎಂದೇ. ನಾಯಿ ಅವನದಲ್ಲ. ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯ ಅಪ್ಪನದು. ಆ ಅಪ್ಪ ಒಂದು ಕಾಲದಲ್ಲಿ ಫುಟ್‌ಬಾಲ್ ರೆಫರಿ. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ಮನೆಯವರನ್ನು ಊಟಕ್ಕೆ ಕರೆಯುವುದೂ ಅದರಿಂದಲೇ.

ಬೆಳಿಗ್ಗೆ ರೆಫರಿ ಬಂದು ನಾಯಿಯ ಹಗ್ಗವನ್ನು ಅವನ ಕೈಗೆ ಕೊಟ್ಟಿದ್ದರು. “ಇವನು ಕ್ಯಾಪ್ಟನ್. ಸಂಜೆವರೆಗೆ ನೋಡ್ಕೋ. ಒಂದು ಕೂದಲೂ ಕೊಂಕಬಾರದು. ಮದುವೆ ವಿಷಯ ಸಂಜೆ ಹೇಳ್ತೀನಿ.”

“ಹೂಂ ಸರ್.”

ಅವರು ಬೀದಿ ದಾಟುವಷ್ಟರಲ್ಲಿ ಮಗಳ ಫೋನು. “ನಾಯಿ ಇಟ್ಕೊಂಡ್ಯಾ? ನೇರವಾಗಿ ಮಾತಾಡು ಅಂತ ಎಷ್ಟು ಸಲ ಹೇಳಿದ್ದೆ! ನಮ್ಮಪ್ಪ ಏನಂದ್ರೂ ಹೂಂ ಅಂತೀಯಲ್ಲ. ಒಂದೇ ಒಂದ್ಸಲ ಆಗಲ್ಲ ಅನ್ನು, ನೋಡೋಣ.”

“ಹೂಂ,” ಎಂದಿದ್ದ.

ಫೋನಿಟ್ಟು ತಿರುಗಿ ನೋಡಿದರೆ ಕ್ಯಾಪ್ಟನ್ ಕುರ್ಚಿಯಿಂದ ಇಳಿದು ಮೂರು ಕಾಲಿನ ಮೇಲೆ ನಿಂತಿತ್ತು.

ಮೆಟ್ಟಿಲಿಳಿದ ಮೇಲೆ ಟ್ಯಾಕ್ಸಿಗೂ ಆಂಟಿ ಕರೆಯದೆಯೇ ಹತ್ತಿದರು. “ಕಾಲು ತೆಗೆದ್ರೂ ತೆಗೀಬಹುದು ಕಣಪ್ಪಾ. ನಮ್ಮಣ್ಣನ ಮನೆ ನಾಯಿಗೆ ಹಾಗೇ ಆಯ್ತು. ಮೂರರಲ್ಲೂ ಚೆನ್ನಾಗೇ ಓಡುತ್ತೆ, ತಿರುಗೋವಾಗ ಮಾತ್ರ ಬೀಳುತ್ತೆ.”

ಅವನು ಕಂಬಳಿಯನ್ನು ಕ್ಯಾಪ್ಟನ್ನಿನ ಕಾಲಿಗೆ ಇನ್ನೊಂದು ಸಲ ಸುತ್ತಿದ.

ಪ್ರಾಣಿಗಳ ಮೂಳೆ ಆಸ್ಪತ್ರೆಯಲ್ಲಿ ಕಾಯುವವರ ಸಾಲು ಸದ್ದಿಲ್ಲದೆ ಕೂತಿತ್ತು. ಒಂದು ಬೆಕ್ಕಿನ ಕಾಲಿನಿಂದ ಹೊರಗೆ ಉಕ್ಕಿನ ಕಡ್ಡಿಗಳು ಚಾಚಿಕೊಂಡಿದ್ದವು. ತಿರುಗಿಸಿದರೆ ರೇಡಿಯೋ ಹಾಡೀತು ಎನ್ನುವಂತಿತ್ತು. ಒಳಗೆಲ್ಲೋ ಡ್ರಿಲ್ಲು ಕೊರೆಯುತ್ತಿತ್ತು. ಅಂಗಡಿಯಲ್ಲಿ ದಿನವಿಡೀ ಅಂಥದೇ ಸದ್ದು ಕೇಳುತ್ತ ಗುನುಗುವವನು ಇವತ್ತು ಹಲ್ಲು ಕಚ್ಚಿ ಕೂತ.

ಸರ್ಜನ್ ಅಗಲ ಭುಜದ ಹೆಂಗಸು. ಎಕ್ಸ್-ರೇಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಳು. ತೊಡೆಮೂಳೆಯ ಉದ್ದಕ್ಕೂ ಲೋಹದ ಪಟ್ಟಿ, ಅದರ ತುಂಬ ಸ್ಕ್ರೂಗಳು.

“ಮೇಡಂ, ಇದು...”

“ಹಳೇ ಆಪರೇಷನ್. ಸ್ಕ್ರೂ ಸಡಿಲ ಆಗಿದ್ರೆ ಕಾಲನ್ನ ಮತ್ತೆ ತೆರೀಬೇಕು. ಯಜಮಾನ್ರು ಎಲ್ಲಿ?”

“ನಾನೇ. ಅಂದ್ರೆ... ಸಂಜೆವರೆಗೆ.”

“ನಿಜವಾದ ಯಜಮಾನ್ರು ಬರದೆ ನಾನು ಚಾಕು ಮುಟ್ಟಲ್ಲ.”

“ದಯವಿಟ್ಟು ಅವರಿಗೆ ಮಾತ್ರ ತಿಳಿಸ್ಬೇಡಿ ಮೇಡಂ. ನನ್ನ ಮದುವೆ ಈ ಕಾಲಿನ ಮೇಲೆ ನಿಂತಿದೆ.”

ಬಾಗಿಲ ಬಳಿ ಆಂಟಿ ಕೆಮ್ಮಿದರು. “ನಾನು ಆಗ್ಲೇ ಫೋನ್ ಮಾಡ್ಬಿಟ್ಟೆ ಕಣಪ್ಪಾ. ಕತ್ತಿನ ಪಟ್ಟಿ ಮೇಲೆ ನಂಬರ್ ಇತ್ತು.”

“ಏನಂತ ಹೇಳಿದ್ರಿ?”

“ಏನೂ ಹೆಚ್ಚಿಗೆ ಹೇಳಲಿಲ್ಲಪ್ಪ. ಕಾಲು ಕತ್ತರಿಸ್ತಾರೆ ಅಂದೆ, ಅಷ್ಟೇ.”

ಇದರ ನಡುವೆ ಸರ್ಜನ್ ನಾಯಿಯನ್ನು ಮೇಜಿನಿಂದ ಕೆಳಗಿಳಿಸಿ ಕಾಲಿನತ್ತ ಕೈ ಚಾಚಿದಳು. ಕೈ ತಾಗುವ ಮೊದಲೇ ಕ್ಯಾಪ್ಟನ್ ಕುಂಯ್ಯೆಂದಿತು. ಅವಳು ಕಣ್ಣು ಕಿರಿದು ಮಾಡಿ, ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದು, ಕಾರಿಡಾರಿನ ಆ ತುದಿಗೆ ಹೋಗಿ ಗಲಗಲ ಅಲ್ಲಾಡಿಸಿದಳು.

ಕ್ಯಾಪ್ಟನ್ ಓಡಿತು. ನಾಲ್ಕೂ ಕಾಲಿನಲ್ಲಿ, ಬಾಣದ ಹಾಗೆ, ಬಾಗಿಲಲ್ಲಿ ನಿಂತಿದ್ದ ಕನ್ನಡಕದವನ ಎರಡು ಕಾಲಿನ ನಡುವೆ ತೂರಿಕೊಂಡು. ಅವನು ಒಂದು ಸುತ್ತು ತಿರುಗಿ ಕಾರಿಡಾರಿನಲ್ಲಿ ಬಿದ್ದ. ಹಿಮ್ಮಡಿಗಿಂತ ತುಸು ಮೇಲೆ, ಕಾಲಿನೊಳಗೆ ಲಟಕ್ಕೆಂದು ಸದ್ದಾಯಿತು. ಕನ್ನಡಕದ ಕಡ್ಡಿ ಮುರಿಯುವಂಥದೇ ಸದ್ದು. ಅದನ್ನು ಗುರುತಿಸುವುದರಲ್ಲಿ ಅವನು ತಪ್ಪುವಂತೆಯೇ ಇರಲಿಲ್ಲ.

“ಬರೀ ನಾಟಕ,” ಎಂದಳು ಸರ್ಜನ್, ನಾಯಿಯ ಬೆನ್ನು ತಟ್ಟುತ್ತ. “ಆಪರೇಷನ್ ಆದಾಗ ಅತಿಯಾಗಿ ಮುದ್ದು ಮಾಡಿದ್ದಾರೆ. ಕಾಲೆತ್ತಿದ್ರೆ ತಿಂಡಿ ಸಿಗುತ್ತೆ ಅಂತ ಕಲಿತಿದೆ. ಸ್ಕ್ರೂ ಎಲ್ಲ ಬಿಗಿಯಾಗಿದೆ. ನಿಜವಾಗ್ಲೂ ನೋವಿದ್ರೆ, ಏನು ತೋರಿಸಿದ್ರೂ ಹೆಜ್ಜೆ ಇಡಲ್ಲ.”

“ಮೇಡಂ, ನನ್ನ ಕಾಲು...”

“ನಾನು ಮನುಷ್ಯರ ಡಾಕ್ಟರ್ ಅಲ್ಲ.”

ಅಷ್ಟರಲ್ಲಿ ಬೀದಿ ಬಾಗಿಲು ದಢಾರನೆ ತೆರೆಯಿತು. ಮುಂದೆ ರೆಫರಿ, ಹಿಂದೆ ಮಗಳು. ರೆಫರಿ ಮೊದಲು ನಾಯಿಯ ಕಾಲುಗಳನ್ನು ಎಣಿಸಿದರು. ಆಮೇಲೆ ನೆಲದಲ್ಲಿ ಕಾಲು ಹಿಡಿದುಕೊಂಡು ಬಿದ್ದಿದ್ದವನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು.

“ಏನಯ್ಯಾ, ಯಾರು ತಳ್ಳಿದ್ದು?”

“ಕ್ಯಾಪ್ಟನ್, ಸರ್.”

“ಓಹೋ! ನಾಯಿ ಕಾಲು ಕತ್ತರಿಸ್ತಾರೆ ಅಂತ ನನ್ನನ್ನ ಓಡಿಸಿದ್ರಿ. ಅದು ನೋಡಿದ್ರೆ ಕುಣೀತಿದೆ. ಈಗ ಬೈಗುಳ ತಪ್ಪಿಸ್ಕೊಳ್ಳೋಕೆ ನೀನು ಮಲಗಿದ್ದೀಯ. ಮೈದಾನದಲ್ಲಿ ಹೀಗೆ ಬೀಳೋರನ್ನ ನೋಡೀ ನೋಡೀ ನನ್ನ ತಲೆ ನೆರೆತಿದೆ.”

“ಅಪ್ಪ, ಅವನ ಮುಖ ನೋಡು. ಸುಣ್ಣದ ಥರ ಆಗಿದೆ,” ಎಂದಳು ಮಗಳು.

“ಮುಖ ಎಲ್ರೂ ಮಾಡ್ತಾರೆ. ಡಾಕ್ಟ್ರೇ, ನಾಯಿದು ನಾಟಕ ಅಂತ ಹೇಗೆ ಗೊತ್ತಾಯ್ತು?”

“ಬಿಸ್ಕತ್ತು ತೋರಿಸಿದೆ. ಓಡಿ ಬಂತು.”

ರೆಫರಿ ಒಂದು ಕ್ಷಣ ಯೋಚಿಸಿದರು. ಕಾರಿಡಾರಿನ ಆ ತುದಿಗೆ ನಡೆದು, ತಿರುಗಿ ನಿಂತು, ಬಲಗೈ ಮುಂದೆ ಚಾಚಿದರು. “ಬಾರಯ್ಯಾ. ಮದುವೆಗೆ ಒಪ್ಪಿದೀನಿ. ಬಂದು ಕೈ ಕೊಡು.”

ಒಳಗಿನ ಡ್ರಿಲ್ಲು ನಿಂತಿತು. ಎದ್ದು ಹೋದರೆ ನಾಟಕದವನು, ಹೋಗದಿದ್ದರೆ ಹುಡುಗಿ ಇಲ್ಲ.

ಮಗಳು ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು: “ಏಳಬೇಡ. ಆಗಲ್ಲ ಅನ್ನು. ಒಂದೇ ಸಲ.”

“ಹೂಂ,” ಎಂದು ಅವನು ಎದ್ದ.

ಗೋಡೆಯನ್ನು ಉಗುರಿನಿಂದ ಹಿಡಿದ. ಮೊದಲ ಹೆಜ್ಜೆಗೆ ಕಾರಿಡಾರಿನ ದೀಪಗಳೆಲ್ಲ ಅವನ ತಲೆಯೊಳಗೆ ಹತ್ತಿಕೊಂಡವು. ಕಾಯುತ್ತಿದ್ದ ಬೆಕ್ಕು ಕಣ್ಣು ಮುಚ್ಚಿಕೊಂಡಿತು. ಆಂಟಿ “ಅಯ್ಯಯ್ಯೋ” ಎಂದರು. ಅವನು ಬೆವರುತ್ತ, ನಗುತ್ತ, ಒಂದು ಕಾಲನ್ನು ಬೇರೆ ಯಾರದೋ ಸಾಮಾನಿನ ಹಾಗೆ ಎಳೆಯುತ್ತ, ಕೊನೆಗೂ ಹೋಗಿ ಆ ಕೈ ಹಿಡಿದ.

ರೆಫರಿ ಸೀಟಿ ಊದಿದರು. “ನಾಟಕ!”

ಅವನು ಅವರ ಎದೆಯ ಮೇಲೇ ಕುಸಿದ.

ಸರ್ಜನ್ ಅವನ ಪ್ಯಾಂಟನ್ನು ಮೇಲೆ ಸರಿಸಿದವಳೇ “ಎತ್ತಿ, ಎತ್ತಿ” ಎಂದಳು. ನಾಯಿ ಮಲಗಿದ್ದ ಮೇಜಿನ ಮೇಲೇ ಮಲಗಿಸಿದರು. ಮನುಷ್ಯರನ್ನು ಮುಟ್ಟದ ಡಾಕ್ಟರು ಒಂದು ಎಕ್ಸ್-ರೇ ತೆಗೆದು, ಕ್ಯಾಪ್ಟನ್ನಿನ ಚಿತ್ರದ ಪಕ್ಕದಲ್ಲಿ ಸಿಕ್ಕಿಸಿದಳು. ಮೂಳೆ ಎರಡು ತುಂಡಾಗಿತ್ತು. ಕುರುಡನಿಗೂ ಕಾಣುವಂತಿತ್ತು.

ರೆಫರಿ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಕೊರಳಿನ ಸೀಟಿ ಬಿಚ್ಚಿ ಜೇಬಿಗೆ ಹಾಕಿಕೊಂಡರು.

“ಮುರಿದ ಕಾಲಲ್ಲಿ ನಡ್ಕೊಂಡು ಬಂದ! ನಾನು ಕೊಟ್ಟ ತೀರ್ಪು ತಪ್ಪು ಕಣಮ್ಮಾ. ಇದು ಪರೀಕ್ಷೆ ಅಲ್ಲ, ಮನಸಾರೆ ಹೇಳ್ತಿದೀನಿ. ಇಂಥ ಹುಡುಗ ಎಲ್ಲಿ ಸಿಗ್ತಾನೆ? ಮದುವೆ ಮಾಡ್ಕೋ.”

ಅವರು ಮಗಳ ಕೈ ಹಿಡಿದು ಅವನ ಕೈಯಲ್ಲಿಡಲು ಹೋದರು. ಅವಳು ಮೇಜಿನ ಮೇಲಿದ್ದವನನ್ನು ನೋಡಿದಳು. ಕೆಳಗೆ ಕೂತಿದ್ದ ಕ್ಯಾಪ್ಟನ್ನನ್ನು ನೋಡಿದಳು. ಇಬ್ಬರೂ ಕತ್ತನ್ನು ಒಂದೇ ಕಡೆಗೆ ವಾಲಿಸಿ, ಅಪ್ಪನ ಕೈಯನ್ನೇ ನೋಡುತ್ತಿದ್ದರು.

ಅವಳು ಕೈ ಹಿಂದಕ್ಕೆಳೆದುಕೊಂಡಳು.

“ನೀನು ಕೈ ಚಾಚಿದ ಕೂಡ್ಲೇ ಓಡಿ ಬರೋದು ನಮ್ಮನೇಲಿ ಆಗ್ಲೇ ಒಂದಿದೆ ಅಪ್ಪ. ಇನ್ನೊಂದು ನನಗೆ ಬೇಡ.”