ಶಕ್ತಿನಗರದಲ್ಲಿ ಸಿಗ್ನಲ್ ಸತ್ತದ್ದು

ನಾನು ಮೊಬೈಲ್ ಕಂಪೆನಿಯೊಂದರ ಇಂಜಿನಿಯರ್. ಬಲ್ಮಠದ ಕಂಬಗಳ ಮೇಲೆ ಕೂತಿರುವ ಪುಟ್ಟ ಸಿಗ್ನಲ್ ಪೆಟ್ಟಿಗೆಗಳು ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕದಂತೆ ನೋಡಿಕೊಳ್ಳುವುದೇ ನನ್ನ ಉದ್ಯೋಗ. ವರ್ಷಗಟ್ಟಲೆ ಇದನ್ನೇ ಮಾಡಿ ಸುಸ್ತಾಗಿದೆ. ಹಾಗಿದ್ದೂ ಶಕ್ತಿನಗರದ ನಮ್ಮ ಫ್ಲ್ಯಾಟಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಬಚ್ಚಲಿನ ಕಿಟಕಿಯ ಬಳಿ ಮಾತ್ರ!

"ಊರಿಗೆಲ್ಲ ಸಿಗ್ನಲ್ ಕೊಡ್ತೀರಿ. ನಾನು ಅಮ್ಮನ ಹತ್ರ ಮಾತಾಡ್ಲಿಕ್ಕೆ ಬಚ್ಚಲಿಗೆ ಹೋಗ್ಬೇಕಾ?" ಎಂದಳು ಹೆಂಡತಿ ಶೋಭಾ.

ನ್ಯಾಯವಾದ ಪ್ರಶ್ನೆ. ಸಿಗ್ನಲ್ ಹೆಚ್ಚಿಸುವ ಒಂದು ಬೂಸ್ಟರ್ ತಂದೆ. ಸುತ್ತಲಿನವರ ಸಿಗ್ನಲ್ ಕೆಡುತ್ತದೆ, ಇಂಥದ್ದನ್ನು ಮನೆಯಲ್ಲಿ ಹಾಕಬಾರದೆಂದು ಜನರಿಗೆ ಉಪದೇಶಿಸುವವನು ನಾನೇ. ಆದರೆ ಅದು ತಿಳಿಯದವರಿಗೆ, ನನಗಲ್ಲ! ಬಾಲ್ಕನಿಯಲ್ಲಿ ಆಂಟೆನಾ, ಹಾಲ್‌ನಲ್ಲಿ ಪೆಟ್ಟಿಗೆ. ಫೋನಿನ ಗೆರೆಗಳೆಲ್ಲ ತುಂಬಿದವು. ಶೋಭಾ ಅಂದು ಕೇಳದೆಯೇ ಎರಡನೇ ಚಹಾ ಕೊಟ್ಟಳು.

ಮರುದಿನ ಎದುರು ಫ್ಲ್ಯಾಟಿನ ಶೆಟ್ರು ಬಂದರು. "ನಮಗೂ ಒಂದು ಹಾಕಿ ಕೊಡಿ ಮಾರಾಯ್ರೆ."

ಹಾಕಿಕೊಟ್ಟೆ. ನಮ್ಮ ಸಿಗ್ನಲ್ ಕುಸಿಯಿತು. ನಮ್ಮದರ ಪವರ್ ಏರಿಸಿದೆ. ಶೆಟ್ರದ್ದು ಕುಸಿಯಿತು. ಅವರದ್ದನ್ನೂ ಏರಿಸಿಕೊಟ್ಟೆ. ಮೂರನೆಯ ದಿನ ಎರಡೂ ಮನೆಗಳಲ್ಲಿ ಶೂನ್ಯ. ಬಚ್ಚಲಿನಲ್ಲೂ ಶೂನ್ಯ!

ಕೆಳಮನೆಯ ಸರೋಜಕ್ಕ ಬಂದರಿನಲ್ಲಿ ಮೀನು ವ್ಯಾಪಾರ ಮಾಡುವವರು. ಮೆಟ್ಟಿಲಲ್ಲೇ ಹಿಡಿದರು. "ಎಂತ ಆಗಿದೆ ನಿಮ್ಮ ಕಂಪೆನಿಗೆ? ಫೋನ್ ಬರದೆ ಬೋಟು ಬಂದದ್ದೇ ಗೊತ್ತಾಗ್ಲಿಲ್ಲ. ಒಳ್ಳೆ ಅಂಜಲ್ ಮೀನೆಲ್ಲ ಬೇರೆಯವರ ಪಾಲಾಯ್ತು! ಕಂಪ್ಲೇಂಟ್ ಕೊಡ್ತೇನೆ ನಾನು."

"ಕೊಡಿ ಅಕ್ಕ, ಕೊಡ್ಲೇಬೇಕು," ಎಂದೆ. ಮನೆಗೆ ಬಂದು ಪವರ್ ಇನ್ನೂ ಸ್ವಲ್ಪ ಏರಿಸಿದೆ. ತಪ್ಪು ಯಾರದ್ದೆಂದು ಒಳಮನಸ್ಸಿಗೆ ಗೊತ್ತಿತ್ತು, ಇಷ್ಟು ವರ್ಷಗಳ ಅನುಭವದ ಜಂಭ ಒಪ್ಪಲಿಲ್ಲ.

ಸೋಮವಾರ ಆಫೀಸಿನಲ್ಲಿ ಮೇಲಧಿಕಾರಿ ಮೇಡಂ ಕರೆದರು. "ಶಕ್ತಿನಗರದಲ್ಲಿ ಒಂದು ರಸ್ತೆಯಿಡೀ ಫೋನ್ ಸತ್ತಿದೆ. ಯಾರೋ ಬೂಸ್ಟರ್ ಇಟ್ಟಿದ್ದಾರೆ. ನೀವಿರುವ ಏರಿಯಾ ಅಲ್ವಾ? ಬನ್ನಿ, ಹುಡುಕುವ."

ಹುಡುಕುವ ಯಂತ್ರ ಹಿಡಿದು ಉರಿಬಿಸಿಲಲ್ಲಿ ನನ್ನ ರಸ್ತೆಯಲ್ಲೇ ನಡೆದೆ. ಬೇಕೆಂದೇ ಎರಡು ಸಲ ಬೇರೆ ಓಣಿಗೆ ನುಗ್ಗಿದೆ. ಯಂತ್ರ ಮಾತ್ರ ಪ್ರಾಮಾಣಿಕ! ನಮ್ಮ ಬಾಗಿಲಿಗೇ ತಂದು ನಿಲ್ಲಿಸಿತು. ಮೇಡಂ ಬೆಲ್ ಒತ್ತಿದರು.

"ಇಲ್ಲಿ ಬೂಸ್ಟರ್ ಉಂಟಾ?"

"ಉಂಟು," ಎಂದಳು ಶೋಭಾ. "ಇವರೇ ಹಾಕಿದ್ದು. ಎದುರು ಮನೆಯದ್ದೂ ಇವರೇ. ದಯವಿಟ್ಟು ತಗೊಂಡು ಹೋಗಿ ಮೇಡಂ!"

ಮೇಡಂ ಪೆಟ್ಟಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಯಾವುದನ್ನು ಒಯ್ಯಬೇಕೆಂದು ತಿಳಿಯಲಿಲ್ಲವೋ ಏನೋ.

ನಮ್ಮದು, ಶೆಟ್ರದ್ದು, ಎರಡೂ ಪೆಟ್ಟಿಗೆ ಆಫ್ ಮಾಡಿದೆ. ತುಸು ಹೊತ್ತಿಗೇ ಕೆಳಗೆ ಸರೋಜಕ್ಕನ ಫೋನ್ ರಿಂಗಾಯಿತು.

ಮೇಡಂ ನಿಂತಲ್ಲೇ ವರದಿ ಬರೆದರು. ಕಾರಣ: 'ವಿಷಯದ ಗಂಧವೇ ಇಲ್ಲದ ನಿವಾಸಿಯೊಬ್ಬರ ಅವಾಂತರ.' ಕೆಳಗೆ, 'ಪತ್ತೆ ಹಚ್ಚಿದ ತಜ್ಞರು' ಎಂಬಲ್ಲಿ, ನಾನು ಸಹಿ ಹಾಕಿದೆ.